ಹೆರಿಗೆ ಕೋಣೆಯಲ್ಲಿ ಯಾರ ಹಾಡು?

ಆಸ್ಪತ್ರೆಯ ವರಾಂಡದಲ್ಲಿ ತುಂಬು ಬಸುರಿಯೊಬ್ಬಳು ನರ್ಸ್ ಜೊತೆ ಸಿನಿಮಾ ಹಾಡಿಗೆ ಹೆಜ್ಜೆ ಹಾಕುವ ವಿಡಿಯೊ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು. ಅದರ ಕೆಳಗೆ ‘ಸಂಗೀತ ಕೇಳಿದರೆ ಹೆರಿಗೆ ನೋವೇ ಇಲ್ಲ’ ಎಂಬ ಥರದ ಒಂದು ಸಾಲು. ಇನ್ನೊಂದು ಸುದ್ದಿಯಲ್ಲಿ ವೈದ್ಯರೊಬ್ಬರು ಇದಕ್ಕೆಲ್ಲ ಗಟ್ಟಿ ಪುರಾವೆ ಇಲ್ಲ ಎಂದಿರುತ್ತಾರೆ. ಹೋಗಲಿ ಅಂತ ಹುಡುಕಿ ನೋಡಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲೇ ಸಂಗೀತದ ಹೆಸರಿದೆ. ಪುರಾವೆ ಇಲ್ಲದ್ದನ್ನು ಅಷ್ಟು ದೊಡ್ಡ ಸಂಸ್ಥೆ ಹೇಗೆ ಒಪ್ಪಿತು?

ಈ ಮೂರರಲ್ಲಿ ಎರಡು ಮಾತು ನಿಜ. ಪುರಾವೆ ಗಟ್ಟಿಯಾಗಿಲ್ಲ, ಶಿಫಾರಸೂ ಇದೆ. ವಿಡಿಯೊದ ಕೆಳಗಿನ ಸಾಲು ಮಾತ್ರ ಸುಳ್ಳು. ಉಳಿದೆರಡು ಒಟ್ಟಿಗೆ ನಿಜವಾಗುವುದು ಹೇಗೆ ಅನ್ನುವುದನ್ನು ಬಿಡಿಸಿ ನೋಡಿದರೆ, ನಮ್ಮ ಹೆರಿಗೆ ಕೋಣೆಗಳ ಬಗ್ಗೆ ಬೇರೆಯದೇ ಒಂದು ಪ್ರಶ್ನೆ ಎದ್ದು ಬರುತ್ತದೆ.

ಶಿಫಾರಸಿನಲ್ಲಿ ಇರುವುದು ಏನು

ವಿಶ್ವ ಆರೋಗ್ಯ ಸಂಸ್ಥೆ 2018ರ ಫೆಬ್ರುವರಿಯಲ್ಲಿ ಹೆರಿಗೆ ಸಮಯದ ಆರೈಕೆ ಬಗ್ಗೆ 56 ಶಿಫಾರಸುಗಳನ್ನು ಹೊರಡಿಸಿತು. ಮಗು, ತಾಯಿ ಬದುಕಿ ಉಳಿದರೆ ಸಾಲದು, ಹೆರಿಗೆಯ ಅನುಭವವೂ ಚೆನ್ನಾಗಿರಬೇಕು ಎಂಬುದು ಅದರ ಒಟ್ಟು ಧಾಟಿ. ಅದರಲ್ಲಿ ಒಂದು ಕಡೆ ಸಂಗೀತ ಬರುತ್ತದೆ. ಆದರೆ ಒಂಟಿಯಾಗಿ ಅಲ್ಲ. ಮೈ ಸಡಿಲಿಸುವುದು, ಉಸಿರಾಟದ ಅಭ್ಯಾಸ, ಸಂಗೀತ, ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಹೀಗೆ ಒಂದೇ ಸಾಲಿನಲ್ಲಿ ನಾಲ್ಕಾರು ವಿಧಾನಗಳು. ಅವೂ ಎಲ್ಲರಿಗೂ ಅಲ್ಲ. ಆರೋಗ್ಯವಾಗಿರುವ ಗರ್ಭಿಣಿ ನೋವು ಕಡಿಮೆ ಮಾಡಿ ಎಂದು ಕೇಳಿದರೆ, ಅವಳ ಇಷ್ಟ ನೋಡಿಕೊಂಡು ಕೊಡಬಹುದು ಎಂದಿದೆ.

ಸುದ್ದಿಗಳಲ್ಲಿ ಬಿಟ್ಟುಹೋಗುವುದು ಈ ‘ಅವಳ ಇಷ್ಟ’ ಅನ್ನುವ ಷರತ್ತೇ.

ಇನ್ನೊಂದು ವಿಷಯವೂ ಬಿಟ್ಟುಹೋಗುತ್ತದೆ. ಅದೇ ದಾಖಲೆಯ ಪಕ್ಕದ ಸಾಲಿನಲ್ಲಿ ಎಪಿಡ್ಯೂರಲ್ ಕೂಡ ಇದೆ. ಅಂದರೆ ಬೆನ್ನಿಗೆ ಕೊಡುವ ನೋವು ನಿವಾರಕ ಚುಚ್ಚುಮದ್ದು. ಅದನ್ನೂ ಕೇಳಿದವರಿಗೆ ಕೊಡಬಹುದು ಎಂದು ಹೇಳಲಾಗಿದೆ. ಚುಚ್ಚುಮದ್ದು ಬೇಡ, ಹಾಡು ಸಾಕು ಎಂದು ಆ ದಾಖಲೆ ಎಲ್ಲೂ ಹೇಳಿಲ್ಲ.

ಸರಿ, ಪುರಾವೆ ತೆಳುವಾಗಿದ್ದರೂ ಶಿಫಾರಸು ಯಾಕೆ? ಔಷಧಕ್ಕೆ ಅಡ್ಡಪರಿಣಾಮ ಇರುತ್ತದೆ. ಆದ್ದರಿಂದ ಅದು ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ತೋರಿಸುವ ತನಕ ಯಾರೂ ಒಪ್ಪುವುದಿಲ್ಲ. ಹಾಡಿನಿಂದ ತೊಂದರೆ ತೀರಾ ಕಡಿಮೆ, ಖರ್ಚು ಇಲ್ಲವೇ ಇಲ್ಲ ಎನ್ನುವಷ್ಟು. ಬಹಳಷ್ಟು ಹೆಂಗಸರಿಗೆ ಅದು ಬೇಕು ಅನ್ನಿಸುತ್ತದೆ. ಶಿಫಾರಸು ಬರೆಯುವವರು ಲಾಭ, ಅಪಾಯ, ಖರ್ಚು, ತಾಯಿಯ ಬಯಕೆ ನಾಲ್ಕನ್ನೂ ತೂಗುತ್ತಾರೆ. ಲಾಭದ ಕಡೆ ತೂಕ ಕಡಿಮೆ ಇದ್ದರೂ ಅಪಾಯದ ತಟ್ಟೆ ಖಾಲಿ ಇದ್ದರೆ ತಕ್ಕಡಿ ಈ ಕಡೆಗೆ ವಾಲುತ್ತದೆ. ಅದನ್ನು ‘ಸಾಬೀತಾಗಿದೆ’ ಎಂದು ಓದಿಕೊಂಡಿದ್ದು ಸುದ್ದಿ ಬರೆದವರ ತಪ್ಪು.

ಅಧ್ಯಯನಗಳು ಹೇಳುವುದು ಇಷ್ಟೇ

ಬೇರೆ ಬೇರೆ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಅಳೆಯುವ ಕೆಲಸಕ್ಕೆ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಜಾಲ ಹೆಸರುವಾಸಿ. 2018ರಲ್ಲಿ ಅದು ಹೆರಿಗೆ ನೋವಿಗೆ ಮೈಮನಸ್ಸು ಸಡಿಲಿಸುವ ವಿಧಾನಗಳನ್ನು ಪರಿಶೀಲಿಸಿತು. ಸಂಗೀತದ ಬಗ್ಗೆ ಸಿಕ್ಕ ಉತ್ತರ ಅಷ್ಟೇನೂ ರೋಚಕವಲ್ಲ. ನೋವು ಇನ್ನೂ ಶುರುವಾಗುತ್ತಿರುವ ಹಂತದಲ್ಲಿ ಹಾಡು ಕೇಳಿದವರಿಗೆ ನೋವು ಸ್ವಲ್ಪ ಕಡಿಮೆ ಎನ್ನಿಸಿತ್ತು. ನೋವು ಜೋರಾದ ಮೇಲೆ ಹಾಡಿನಿಂದ ಪ್ರಯೋಜನ ಆಯಿತೋ ಇಲ್ಲವೋ ಖಚಿತವಾಗಿ ಹೇಳಲಾಗಲಿಲ್ಲ. ಸಿಸೇರಿಯನ್ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಪುರಾವೆಯ ಗುಣಮಟ್ಟವೇ ಕಡಿಮೆ ಎಂದು ವರದಿ ಒಪ್ಪಿಕೊಂಡಿತು.

ಬಿಡಿ ಪ್ರಯೋಗಗಳಲ್ಲಿ ಕೆಲವು ಕುತೂಹಲದವು. ಥಾಯ್ಲೆಂಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚೊಚ್ಚಲು ಹೆರಿಗೆಗೆ ಬಂದ 110 ಹೆಂಗಸರಿದ್ದರು. ಅರ್ಧ ಜನರಿಗೆ ನೋವು ಬಲಿತ ಮೇಲೆ ಮೂರು ಗಂಟೆ ಮೆಲುವಾದ, ಸಾಹಿತ್ಯವಿಲ್ಲದ ಸಂಗೀತ ಕೇಳಿಸಿದರು. ಕೆಲವು ಬಗೆಯ ಸಂಗೀತದಲ್ಲಿ ತಮಗೆ ಬೇಕಾದ್ದನ್ನು ಅವರೇ ಆರಿಸಿಕೊಂಡಿದ್ದರು. ಹೊತ್ತು ಹೋದಂತೆ ನೋವು ಎರಡೂ ಗುಂಪಿನಲ್ಲಿ ಏರಿತು. ಆದರೆ ಸಂಗೀತ ಕೇಳಿದವರಲ್ಲಿ ನೋವೂ ಕಡಿಮೆ, ಅದರಿಂದ ಆಗುವ ಸಂಕಟವೂ ಕಡಿಮೆ ದಾಖಲಾಯಿತು. ನೋವು ಬೇರೆ, ನೋವಿನ ಸಂಕಟ ಬೇರೆ ಎಂದು ಎರಡನ್ನೂ ಬಿಡಿಸಿ ಅಳೆದದ್ದು ಜಾಣತನ. ಹೆತ್ತವರನ್ನು ಕೇಳಿ, ಈ ವ್ಯತ್ಯಾಸ ಅವರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಪುರಾವೆಯನ್ನು ದುರ್ಬಲ ಎನ್ನುವುದೇಕೆ? ಮಾತ್ರೆಯ ಪ್ರಯೋಗದಲ್ಲಿ ಅರ್ಧ ಜನರಿಗೆ ಸಕ್ಕರೆ ಗುಳಿಗೆ ಕೊಟ್ಟು, ಯಾರಿಗೆ ಏನು ಸಿಕ್ಕಿತು ಎಂಬುದನ್ನು ಮುಚ್ಚಿಡಬಹುದು. ಹಾಡನ್ನು ಮುಚ್ಚಿಡುವುದು ಹೇಗೆ? ಕಿವಿಗೆ ಹಾಡು ಬಿದ್ದವಳಿಗೆ ತನಗೆ ಏನೋ ವಿಶೇಷ ಸಿಕ್ಕಿದೆ ಎಂದು ಗೊತ್ತಾಗಿಯೇ ಆಗುತ್ತದೆ. ನೋವಿಗೆ ಅಂಕ ಕೊಡುವವಳೂ ಅವಳೇ. ಅದರ ಮೇಲೆ ಸಂಗೀತ ಹಾಕಲು ಬಂದವರು ಪಕ್ಕದಲ್ಲಿ ನಿಂತು ಎರಡು ಮಾತಾಡಿರುತ್ತಾರೆ. ಹಗುರಾದದ್ದು ಹಾಡಿನಿಂದಲೋ ಆ ಎರಡು ಮಾತಿನಿಂದಲೋ? ಬಿಡಿಸುವುದು ಕಷ್ಟ. ಈ ಕಷ್ಟವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಡು ಮೈಯೊಳಗೆ ಏನು ಮಾಡುತ್ತದೆ

ಮೊಣಕೈ ಬಾಗಿಲಿಗೆ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೇವೆ. ಸ್ವಲ್ಪ ಹಾಯೆನಿಸುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಒಂದು ವಿವರಣೆ ಕೊಟ್ಟರು. ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯ ಹತ್ತಿರ, ಒಂದು ಬಾಗಿಲು ಇದ್ದಂತೆ. ಬೇರೆ ಸ್ಪರ್ಶ, ಬೇರೆ ಸಂದೇಶ ಬಂದರೆ ಬಾಗಿಲು ಅರೆ ಮುಚ್ಚುತ್ತದೆ. ಮೇಲಿಂದ ಮಿದುಳು ಕೂಡ ಅದನ್ನು ಎಳೆದುಕೊಳ್ಳಬಲ್ಲದು. ಗಮನ ಎಲ್ಲಿದೆ, ಮನಸ್ಸು ಹೇಗಿದೆ ಎಂಬುದರ ಮೇಲೆ ಒಂದೇ ಪೆಟ್ಟು ಜಾಸ್ತಿಯೂ ಕಡಿಮೆಯೂ ಅನ್ನಿಸುವುದು ಇದರಿಂದ. ಹಾಡು ಕೆಲಸ ಮಾಡುವುದಾದರೆ ಈ ಮೇಲಿನ ದಾರಿಯಲ್ಲಿ.

ಎರಡನೆಯದು ಹೆದರಿಕೆ. ಗರ್ಭಕೋಶ ಹಿಂಡಿ ಸಡಿಲಾಗುವ ಕೆಲಸಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಬೇಕು. ತುಂಬಾ ಹೆದರಿದಾಗ ಅಡ್ರಿನಲಿನ್ ಏರುತ್ತದೆ. ಅದು ಸಂಕೋಚನವನ್ನು ಕುಗ್ಗಿಸಬಲ್ಲದು, ಗರ್ಭಕೋಶಕ್ಕೆ ಹೋಗುವ ರಕ್ತವನ್ನೂ ಕಡಿಮೆ ಮಾಡಬಲ್ಲದು. ಹೆದರಿದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಮತ್ತೆ ಹೆದರಿಕೆ. ಬ್ರಿಟನ್ನಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಈ ಸುತ್ತನ್ನು ಗುರುತಿಸಿದ್ದರು. ಆದರೆ ಅವರು ಒಂದು ಹೆಜ್ಜೆ ಮುಂದೆ ಹೋಗಿ, ಹೆರಿಗೆ ನೋವಿಗೆ ಹೆದರಿಕೆಯೇ ಮುಖ್ಯ ಕಾರಣ ಎಂಬಂತೆ ವಾದಿಸಿದರು. ಅಲ್ಲಿಂದ ‘ನಿನಗೆ ನೋವಾದರೆ ಅದು ನಿನ್ನದೇ ತಪ್ಪು’ ಎನ್ನುವ ಧಾಟಿ ಹುಟ್ಟಲು ಹೆಚ್ಚು ದೂರ ಇರಲಿಲ್ಲ. ಇವತ್ತಿನ ‘ನೋವಿಲ್ಲದ ಹೆರಿಗೆ’ ವಿಡಿಯೊಗಳಲ್ಲೂ ಅದೇ ಧಾಟಿ ಇಣುಕುತ್ತದೆ.

ಮೂರನೆಯದು ಲಯ. ಇದನ್ನು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಪದ ಹಾಡುತ್ತಿದ್ದರು. ಪದದಿಂದ ಕಲ್ಲು ಹಗುರಾಗುತ್ತಿರಲಿಲ್ಲ. ಕೈಗೆ ಒಂದು ಗತಿ ಸಿಗುತ್ತಿತ್ತು, ಉಸಿರು ಅದಕ್ಕೆ ಹೊಂದಿಕೊಳ್ಳುತ್ತಿತ್ತು, ಇನ್ನೆಷ್ಟು ರಾಗಿ ಉಳಿದಿದೆ ಎಂಬ ಲೆಕ್ಕ ಹಿಂದೆ ಸರಿಯುತ್ತಿತ್ತು. ಹೆರಿಗೆ ನೋವೂ ಅಲೆಯಲೆಯಾಗಿ ಬರುತ್ತದೆ, ನಡುವೆ ಬಿಡುವು ಕೊಡುತ್ತದೆ. ಒಂದು ಅಲೆ ದಾಟುವ ತನಕ ಉಸಿರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಬೀಸುವ ಪದದಲ್ಲಿ ಇನ್ನೂ ಒಂದು ಮಾತಿದೆ. ಯಾವ ಪದ ಹಾಡಬೇಕೆಂದು ಹೇಳುತ್ತಿದ್ದವಳು ಬೀಸುವವಳೇ.

ಯಾವ ರಾಗ ಎಂದು ಕೇಳುವವರಿಗೆ

ಜನ ಮೊದಲು ಕೇಳುವುದು ಇದನ್ನೇ. ಯಾವ ರಾಗ ಒಳ್ಳೆಯದು? ಆನಂದಭೈರವಿಯಾ, ನೀಲಾಂಬರಿಯಾ? ಮಂತ್ರ ಹಾಕಬೇಕಾ, ವೀಣೆ ಸಾಕಾ?

ಇಂಥ ರಾಗ ಗರ್ಭಕೋಶದ ಬಾಯಿಯನ್ನು ತೆರೆಸುತ್ತದೆ, ಇಂಥ ಮಂತ್ರ ಸುಖಪ್ರಸವ ಮಾಡಿಸುತ್ತದೆ ಎನ್ನುವುದಕ್ಕೆ ನಂಬಬಹುದಾದ ಪ್ರಯೋಗದ ಆಧಾರ ಇಲ್ಲ. ನೀಲಾಂಬರಿ ಕೇಳಿ ಬೆಳೆದವಳಿಗೆ ಅದು ಜೋಗುಳದ ನೆನಪು ತರಬಹುದು. ಶಾಸ್ತ್ರೀಯ ಸಂಗೀತವನ್ನೇ ಕೇಳದವಳಿಗೆ ಅದು ಯಾರದೋ ಮನೆಯ ರೇಡಿಯೊ ಅಷ್ಟೇ.

ಇದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದ ಒಂದು ಪ್ರಯೋಗ ಸಹಾಯಕ್ಕೆ ಬರುತ್ತದೆ. ಹೆರಿಗೆಗೆ ಸಂಬಂಧಿಸಿದ್ದಲ್ಲ, ಮಂಜಿನಷ್ಟು ತಣ್ಣನೆಯ ನೀರಿನಲ್ಲಿ ಕೈ ಇಟ್ಟುಕೊಳ್ಳುವ ಪ್ರಯೋಗ. 2006ರಲ್ಲಿ ಪ್ರಕಟವಾಯಿತು. ಒಮ್ಮೆ ಬರೀ ಸದ್ದು, ಒಮ್ಮೆ ‘ಮನಸ್ಸಿಗೆ ಹಿತ’ ಎಂದು ಸಂಶೋಧಕರು ಆರಿಸಿದ ಸಂಗೀತ, ಒಮ್ಮೆ ಅವರವರೇ ತಂದ ಇಷ್ಟದ ಹಾಡು. ಕೈ ಹೆಚ್ಚು ಹೊತ್ತು ನೀರಿನಲ್ಲಿ ಉಳಿದದ್ದು ಮೂರನೆಯದರಲ್ಲಿ. ಪರಿಸ್ಥಿತಿ ನನ್ನ ಹಿಡಿತದಲ್ಲಿದೆ ಎಂಬ ಭಾವನೆಯೂ ಅಲ್ಲೇ ಜಾಸ್ತಿ. ಪರಿಣತರು ಆರಿಸಿದ ಹಿತವಾದ ಸಂಗೀತ, ಅವರವರೇ ತಂದ ಇಷ್ಟದ ಹಾಡಿನ ಮುಂದೆ ಸೋತಿತ್ತು.

ತಣ್ಣೀರಿನ ನೋವು ಬೇರೆ, ಹೆರಿಗೆ ಬೇನೆ ಬೇರೆ. ಆದರೂ ದಿಕ್ಕು ತಿಳಿಯುತ್ತದೆ. ಪ್ರಯೋಜನ ಎಷ್ಟಿದೆಯೋ ಅಷ್ಟೂ ರಾಗದಲ್ಲಿ ಮಾತ್ರ ಇಲ್ಲ, ಆರಿಸುವ ಕೈಯಲ್ಲೂ ಇದೆ. ಅದು ದಾಸರ ಪದ ಆಗಬಹುದು, ಅಣ್ಣಾವ್ರ ಹಾಡಾಗಬಹುದು, ಕುರಾನ್ ಪಠಣ ಆಗಬಹುದು, ಚರ್ಚಿನ ಗೀತೆ ಆಗಬಹುದು, ಅತ್ತೆಗೆ ಕೇಳಿಸಿದರೆ ಮುಜುಗರವಾಗುವ ಕುಣಿತದ ಹಾಡೂ ಆಗಬಹುದು. ಏನೂ ಬೇಡ, ಸುಮ್ನಿರಿ ಅನ್ನುವುದೂ ಆಯ್ಕೆಯೇ.

ಇಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿದೆ. ಗರ್ಭಸಂಸ್ಕಾರದ ಹೆಸರಿನಲ್ಲಿ ನಡೆಯುವ ತರಗತಿಗಳಲ್ಲಿ ಸಂಗೀತ ಕೇಳಿಸುವುದು ಮಗುವಿನ ಬುದ್ಧಿಗಾಗಿ. ಹೆರಿಗೆ ಹೊತ್ತಿನ ಸಂಗೀತ ತಾಯಿಗಾಗಿ. ಎರಡನ್ನೂ ಕಲಸಿದರೆ ತಾಯಿ ಮತ್ತೆ ಹಿಂದೆ ಬೀಳುತ್ತಾಳೆ. ಹೊಟ್ಟೆಯೊಳಗಿನ ಮಗುವಿಗೆ ಕೊನೆಯ ತಿಂಗಳುಗಳಲ್ಲಿ ಹೊರಗಿನ ಸದ್ದು ಕೇಳಿಸುತ್ತದೆ ಎಂಬುದು ನಿಜ. ಹುಟ್ಟಿದ ಕೂಡಲೇ ಅಮ್ಮನ ದನಿಯನ್ನು ಗುರುತಿಸುತ್ತದೆ ಎಂಬುದೂ ನಿಜ. ಅಲ್ಲಿಂದ ‘ಬುದ್ಧಿವಂತ ಮಗು’ ಎನ್ನುವಲ್ಲಿಗೆ ಹಾರುವುದು ಸರಿಯಲ್ಲ. ಈ ಹಾರಾಟಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ್ದು. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಝಾರ್ಟ್ ಸಂಗೀತ ಕೇಳಿಸಿದಾಗ ಒಂದು ಬಗೆಯ ಪರೀಕ್ಷೆಯಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಅಂಕ ಏರಿತ್ತು. ಅಷ್ಟಕ್ಕೇ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು! ಆ ಪ್ರಯೋಗದಲ್ಲಿ ಒಂದೇ ಒಂದು ಮಗುವೂ ಇರಲಿಲ್ಲ.

ಬಾಗಿಲಾಚೆ ಉಳಿದ ದನಿ

ಆರಿಸುವವಳು ಅವಳೇ ಆಗಬೇಕು ಎಂದು ಬರೆಯುವುದು ಸುಲಭ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಅದು ನಡೆಯುತ್ತದಾ?

ಕೆಲವು ತಲೆಮಾರುಗಳ ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಸೂಲಗಿತ್ತಿ ಬರುತ್ತಿದ್ದಳು, ತಾಯಿಯೋ ಅಜ್ಜಿಯೋ ಬೆನ್ನು ನೀವುತ್ತಿದ್ದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹೀಗೆ ಸುಮಾರು 15,000 ಹೆರಿಗೆಗಳನ್ನು ದುಡ್ಡು ತೆಗೆದುಕೊಳ್ಳದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಆ ಕಾಲವನ್ನು ಸುಮ್ನೆ ಹೊಗಳುವುದರಲ್ಲಿ ಅರ್ಥವಿಲ್ಲ. ರಕ್ತಸ್ರಾವವಾದರೆ, ಮಗು ಅಡ್ಡ ತಿರುಗಿದರೆ, ಎಷ್ಟೋ ತಾಯಂದಿರು ಅಲ್ಲೇ ತೀರಿಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, ಆಂಬುಲೆನ್ಸ್ ಎಲ್ಲ ಸೇರಿ ಮಾಡಿದ ಕೆಲಸ ಇದು.

ಆದರೆ ಈ ಸ್ಥಳಾಂತರದಲ್ಲಿ ಒಂದು ಬಿಟ್ಟುಹೋಯಿತು. ಹೆರುವವಳು ಒಳಗೆ ಹೋದಳು, ಅವಳಿಗೆ ಪರಿಚಯದ ದನಿ ಬಾಗಿಲಾಚೆ ಉಳಿಯಿತು. ತುಂಬಿದ ಸರ್ಕಾರಿ ವಾರ್ಡಿನಲ್ಲಿ ಒಂದೇ ಕೋಣೆಯಲ್ಲಿ ಹಲವು ಮಂಚ, ನಡುವೆ ಪರದೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಬ್ಬಳ ಕೂಗು ಇನ್ನೊಬ್ಬಳಿಗೆ ಕೇಳಿಸುತ್ತದೆ. ಇಬ್ಬರೇ ಸ್ಟಾಫ್ ನರ್ಸ್ ಎಲ್ಲರನ್ನೂ ನೋಡಬೇಕು. ಹೆದರಿಕೆ ಏರಲು ಇನ್ನೇನು ಬೇಕು?

ಇಂಥ ಕೋಣೆಯಲ್ಲಿ ‘ಸಂಗೀತ ಚಿಕಿತ್ಸೆ’ ಎಂದರೆ ಮೊದಲು ಹೊಳೆಯುವುದು ಗೋಡೆಗೆ ಒಂದು ಸ್ಪೀಕರ್. ಅದು ತಪ್ಪುವುದೂ ಅಲ್ಲೇ. ಗೋಡೆಯ ಸ್ಪೀಕರಿನ ಹಾಡನ್ನು ಯಾವ ತಾಯಿಯೂ ಆರಿಸಿರುವುದಿಲ್ಲ. ಮೊದಲ ಮಂಚದವಳಿಗೆ ಹಿತವಾದದ್ದು ನಾಲ್ಕನೆಯ ಮಂಚದವಳಿಗೆ ಗಲಾಟೆ. ನಿಲ್ಲಿಸಿ ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗಿದೆ? ಎಲ್ಲ ಧರ್ಮದವರೂ ಬರುವ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಮತದ ಮಂತ್ರ ಹಾಕಿದರೆ ಇನ್ನೊಂದು ಜಗಳ. ಅದರ ಮೇಲೆ ಮಗುವಿನ ಎದೆಬಡಿತ ಆಲಿಸಬೇಕಾದ ನರ್ಸಿಗೆ ತೊಂದರೆ. ನೋವು ಬಲಿತ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಬಡಿತ ಕೇಳಬೇಕು ಎನ್ನುತ್ತದೆ ಅದೇ ವಿಶ್ವ ಆರೋಗ್ಯ ಸಂಸ್ಥೆ.

ಸ್ಪೀಕರ್ ಬೇಡ, ಇಯರ್‌ಫೋನ್ ಸಾಕು ಎನ್ನೋಣ. ಆಗ ಫೋನ್ ಬೇಕು. ಬಹಳ ಕಡೆ ಲೇಬರ್ ವಾರ್ಡಿನೊಳಗೆ ಫೋನ್ ಬಿಡುವುದಿಲ್ಲ. ಅದಕ್ಕೂ ಕಾರಣ ಇದೆ. ಪಕ್ಕದ ಮಂಚದವಳ ವಿಡಿಯೊ ಯಾರಾದರೂ ತೆಗೆದರೆ? ಸಿಬ್ಬಂದಿಯ ಮೇಲೆ ಆರೋಪ ಮಾಡಿ ಹರಿಯಬಿಟ್ಟರೆ? ಈ ಭಯವನ್ನು ತಳ್ಳಿಹಾಕುವಂತಿಲ್ಲ. ಪರದೆ ಇದ್ದರೆ ಭಯ ಕಡಿಮೆ, ಪರದೆ ಇಲ್ಲದಿದ್ದರೆ ಫೋನ್ ನಿಷೇಧವೇ ಸುಲಭದ ದಾರಿ. ಹೀಗೆ ಒಂದು ಹಾಡಿನ ಪ್ರಶ್ನೆ ಬಂದು ನಿಲ್ಲುವುದು ಒಂದು ಪರದೆಯ ಮುಂದೆ.

ಜೊತೆಗಾತಿ ಎಂಬ ಗಟ್ಟಿ ಪುರಾವೆ

ಹಾಡಿನಿಂದ ಹಗುರಾಯಿತೋ ಪಕ್ಕದಲ್ಲಿದ್ದವರಿಂದಲೋ ಎಂಬ ಪ್ರಶ್ನೆ ಹಿಂದೆ ಬಂದಿತ್ತಲ್ಲ? ಪಕ್ಕದಲ್ಲಿರುವವರ ಬಗ್ಗೆ ಪುರಾವೆ ಎಷ್ಟೋ ಗಟ್ಟಿಯಾಗಿದೆ. ಕಾಕ್ರೇನ್ 2017ರಲ್ಲಿ 17 ದೇಶಗಳ 26 ಪ್ರಯೋಗಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿ ಸ್ವಲ್ಪ ಕಡಿಮೆ, ನೋವಿನ ಔಷಧದ ಅಗತ್ಯವೂ ಕಡಿಮೆ ಎಂದು ಕಂಡಿತು. ಹಾಡು ಮಾಡಬಹುದೇನೋ ಎಂದು ಜನ ಆಸೆಪಡುವುದನ್ನು ಜೊತೆಗಾತಿ ಮಾಡಿ ತೋರಿಸಿದ್ದಾಳೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರುವರಿಯಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಒಬ್ಬ ಜೊತೆಗಾತಿಯನ್ನು ಬಿಡಲು ಒಪ್ಪಿತು. ತಾನೂ ಹೆತ್ತ ಅನುಭವ ಇರುವ ಹೆಂಗಸಾದರೆ ಒಳ್ಳೆಯದು, ಖಾಸಗಿತನ ಕಾಪಾಡುವ ವ್ಯವಸ್ಥೆ ಇರುವ ಕಡೆ ಗಂಡನನ್ನೂ ಬಿಡಬಹುದು ಎಂದಿತು. 2017ರ ಡಿಸೆಂಬರಿನಲ್ಲಿ ‘ಲಕ್ಷ್ಯ’ ಯೋಜನೆ ಬಂತು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವುದು, ತಾಯಿಯನ್ನು ಗೌರವದಿಂದ ನೋಡಿಕೊಳ್ಳುವುದು ಅದರ ಗುರಿ. ಕಾಗದದ ಮೇಲೆ ಬಾಗಿಲು ತೆರೆದು ವರ್ಷಗಳೇ ಆದವು. ವಾರ್ಡಿನ ಬಾಗಿಲು ಎಲ್ಲ ಕಡೆ ಇನ್ನೂ ತೆರೆದಿಲ್ಲ. ಜಾಗ ಸಾಲದು, ಜನ ಜಾಸ್ತಿ, ಗಲಾಟೆ ಮಾಡುತ್ತಾರೆ ಎನ್ನುವುದು ಸಿಬ್ಬಂದಿಯ ಮಾತು. ಮೂರೂ ಪೂರ್ತಿ ಸುಳ್ಳಲ್ಲ.

ವಿಡಿಯೊಗಳಲ್ಲಿ ಕಾಣುವ ಕುಣಿತದ ಹಿಂದೆ ಇರುವುದೂ ಇಂಥದ್ದೇ. ಪಕ್ಕದ ತೆಲಂಗಾಣದಲ್ಲಿ 2017ರಿಂದ ಯುನಿಸೆಫ್ ಮತ್ತು ಹೈದರಾಬಾದಿನ ಫರ್ನಾಂಡಿಸ್ ಸಂಸ್ಥೆಯ ನೆರವಿನಿಂದ ನರ್ಸುಗಳಿಗೆ ಸೂಲಗಿತ್ತಿತನದ ವಿಶೇಷ ತರಬೇತಿ ಕೊಡಲಾಗುತ್ತಿದೆ. ಅಲ್ಲಿ ಓಡಾಟ, ವ್ಯಾಯಾಮ, ದೊಡ್ಡ ಚೆಂಡಿನ ಮೇಲೆ ಕೂರುವುದು, ಉಸಿರಾಟ ಎಲ್ಲ ಕಲಿಸುತ್ತಾರೆ. ಹಾಡು ಅದರ ಒಂದು ತುಣುಕು. ವಿಡಿಯೊದಲ್ಲಿ ಕಿವಿಗೆ ಬೀಳುವುದು ಹಾಡು. ಒಬ್ಬ ಗರ್ಭಿಣಿಗೆ ಅರ್ಧ ಗಂಟೆ ಕೊಡಲು ಒಬ್ಬ ತರಬೇತಿಯಾದ ನರ್ಸ್ ಇದ್ದಾಳೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

‘ಮೊದಲು ಡ್ರಿಪ್ ಸರಿ ಮಾಡಿ’

ವಿರೋಧಿಸುವವರ ವಾದವೂ ಹಗುರಾದದ್ದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಬಾಟಲಿಯ ನೀರನ್ನೇ ನಂಬಲಾಗದ ಕಡೆ ಹಾಡಿನ ಮಾತೇಕೆ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ನರ್ಸುಗಳ ಕೊರತೆ, ರಾತ್ರಿ ಪಾಳಿಯಲ್ಲಿ ಸಿಗದ ಅರಿವಳಿಕೆ ತಜ್ಞರು, ರಕ್ತದ ಕೊರತೆ. ಪಟ್ಟಿ ಉದ್ದವಿದೆ. ಎಪಿಡ್ಯೂರಲ್ ಕೊಡಬಲ್ಲ ವೈದ್ಯರಿಲ್ಲದ ಕಡೆ ‘ಸಂಗೀತವಿದೆಯಲ್ಲ’ ಎನ್ನುವುದು ನುಣುಚಿಕೊಳ್ಳುವ ದಾರಿಯಾಗಬಹುದು ಎಂಬ ಅವರ ಆತಂಕವನ್ನು ನಾನು ಒಪ್ಪುತ್ತೇನೆ.

ಒಪ್ಪದಿರುವುದು ‘ಮೊದಲು ಅದು, ಆಮೇಲೆ ಇದು’ ಎನ್ನುವ ಸರದಿಯನ್ನು. ಔಷಧದ ಗುಣಮಟ್ಟ ನೋಡುವವರು ಒಬ್ಬರು, ವಾರ್ಡಿಗೆ ಪರದೆ ಹಾಕಿಸುವವರು ಇನ್ನೊಬ್ಬರು. ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಕಾಯಬೇಕಿಲ್ಲ.

ಇನ್ನು ಸಿಸೇರಿಯನ್ ಪ್ರಶ್ನೆ. ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 23.6 ಇದ್ದ ಸಿಸೇರಿಯನ್ 2019-21ರಲ್ಲಿ ಶೇ. 31.5 ಆಯಿತು. ಇದನ್ನು ಇಳಿಸಲು ಕಾರ್ಯಕ್ರಮ ತರುವ ಮಾತನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2024ರ ಕೊನೆಗೆ ಆಡಿದರು. ಸಹಜ ಹೆರಿಗೆ ಹೆಚ್ಚಾಗಬೇಕಾದರೆ ಹೆಂಗಸರು ಗಂಟೆಗಟ್ಟಲೆ ನೋವು ತಡೆದುಕೊಳ್ಳಬೇಕು. ಆ ಗಂಟೆಗಳು ಯಾತನೆಯಾಗಿದ್ದರೆ ‘ಕೊಯ್ದುಬಿಡಿ ಡಾಕ್ಟ್ರೇ’ ಎಂದು ಅವರೇ ಕೇಳುತ್ತಾರೆ. ಹಾಗೆ ಕೇಳುವುದರಲ್ಲಿ ತಪ್ಪೂ ಇಲ್ಲ. ನೋವು ಸಹಿಸುವಂತೆ ಮಾಡುವ ಏರ್ಪಾಡು ಮಾಡದೆ ಸಂಖ್ಯೆ ಮಾತ್ರ ಇಳಿಸಿ ಎಂದರೆ ಹೊರೆ ಬೀಳುವುದು ಅವರ ಮೇಲೆಯೇ.

ಹೀಗೇ ಹೋದರೆ

ದುಡ್ಡಿದ್ದವರಿಗೆ ಇದು ಪ್ಯಾಕೇಜಿನ ಭಾಗವಾಗುತ್ತದೆ. ಮಂದ ಬೆಳಕು, ಸುಗಂಧ, ಸಂಗೀತ ಸೇರಿಸಿದ ಖಾಸಗಿ ಕೋಣೆಗೆ ಒಂದು ದರ. ಅಲ್ಲಿ ನಿಜಕ್ಕೂ ಬೆಲೆಬಾಳುವುದು ಕೋಣೆಯ ಬಾಗಿಲು ಮತ್ತು ಒಳಗೆ ಬರಬಹುದಾದ ಅಮ್ಮನೋ ಗಂಡನೋ. ಬ್ರಿಟನ್ನಿನಲ್ಲಿ ಹೆರುವ ಕನ್ನಡತಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ‘ಬರ್ತ್ ಪ್ಲಾನ್’ ಬರೆಯಲು ಹೇಳುತ್ತಾರೆ. ಯಾರು ಜೊತೆಗಿರಬೇಕು, ನೋವಿಗೆ ಏನು ಬೇಕು, ಯಾವ ಸಂಗೀತ ಎಂದೆಲ್ಲ ಅದರಲ್ಲಿ ಬರೆಯಬಹುದು. ಬಾಣಂತನಕ್ಕೆಂದು ಊರಿನಿಂದ ಹೋದ ಅಮ್ಮ ಅಲ್ಲಿ ಒಳಗೆ ಕೂರಬಹುದು. ಇಲ್ಲಿ ಅದೇ ಅಮ್ಮ ಮೆಟ್ಟಿಲ ಮೇಲೆ ಕೂತಿರುತ್ತಾಳೆ.

ಸರ್ಕಾರಿ ಕಡೆ ಆಗಬಹುದಾದ ಕೆಟ್ಟದ್ದೆಂದರೆ ಸ್ಪೀಕರ್ ಖರೀದಿಯಾಗುವುದು, ಉದ್ಘಾಟನೆಯ ಫೋಟೊ ಬರುವುದು, ಅಷ್ಟಕ್ಕೇ ವಿಷಯ ಮುಗಿಯುವುದು. ಇನ್ನೊಂದು ನಷ್ಟ ಮನೆಯೊಳಗೆ ಆಗುತ್ತದೆ. ಹಾಡು ಕೇಳಿದರೆ ನೋವಿಲ್ಲ ಎಂದು ನಂಬಿ ಹೋದವಳು, ನೋವಾದಾಗ ತಾನೇ ಸೋತೆ ಎಂದುಕೊಳ್ಳುತ್ತಾಳೆ. ಎಪಿಡ್ಯೂರಲ್ ಕೇಳಲು ಹಿಂಜರಿಯುತ್ತಾಳೆ. ಹೆತ್ತ ಮೇಲೂ ಆ ಕೊರಗು ಉಳಿಯುತ್ತದೆ.

ಆರಿಸಿಕೊಳ್ಳುವವರಿಗೆ

ಚೊಚ್ಚಲು ಹೆರಿಗೆಯಲ್ಲಿ ನೋವು ಬಲಿತ ಮೇಲಿನ ಹಂತವೇ 12 ಗಂಟೆಯವರೆಗೆ ಹೋಗಬಹುದು. ಅದಕ್ಕೂ ಮುಂಚಿನ ಸಣ್ಣ ನೋವಿಗೆ ಲೆಕ್ಕವೇ ಇಲ್ಲ. ಹತ್ತು ಹಾಡಿನ ಪಟ್ಟಿ ತಲೆ ಚಿಟ್ಟು ಹಿಡಿಸುತ್ತದೆ. ಏಳನೆಯ ತಿಂಗಳಿನಿಂದಲೇ ಉಸಿರಾಟದ ಅಭ್ಯಾಸ ಮಾಡುವಾಗ ಅದೇ ಹಾಡುಗಳನ್ನು ಕೇಳಿದರೆ, ಆ ಹೊತ್ತಿಗೆ ಮೈಗೆ ಅವು ಪರಿಚಯವಾಗಿರುತ್ತವೆ. ಮೊದಲ ಗಂಟೆಗಳಿಗೆ ಜೊತೆಗೆ ಗುನುಗುವಂಥವು, ನೋವು ಜೋರಾದ ಮೇಲೆ ಮಾತಿಲ್ಲದ ನಿಧಾನ ಲಯದವು. ಇದು ಹಲವರಿಗೆ ಹೊಂದುತ್ತದೆ, ಎಲ್ಲರಿಗೂ ಅಲ್ಲ. ಹಾಡುಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ವಾರ್ಡಿನೊಳಗೆ ನೆಟ್‌ವರ್ಕ್ ಸಿಗದಿರಬಹುದು. ಸಿಕ್ಕರೂ, ಬೇನೆ ಏರಿದ ಹೊತ್ತಿಗೆ ಸರಿಯಾಗಿ ಸಾಲ ಕೊಡುವ ಆ್ಯಪಿನ ಜಾಹೀರಾತು ಶುರುವಾದರೆ ಆ ಫೋನ್ ಉಳಿಯುವುದು ಅನುಮಾನ.

ಇಯರ್‌ಫೋನ್ ಒಂದೇ ಕಿವಿಗೆ ಸಾಕು. ಇನ್ನೊಂದು ಕಿವಿ ನರ್ಸಿನ ಮಾತಿಗೆ ಬೇಕು. ಮಗುವಿಗೆ ಕೇಳಲಿ ಎಂದು ಹೊಟ್ಟೆಯ ಮೇಲೆ ಇಡುವುದು ಬೇಡ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಹೊತ್ತಿಗೆ ಎಷ್ಟೋ ಹೆಂಗಸರಿಗೆ ಯಾವ ಹಾಡೂ ಬೇಡವಾಗುತ್ತದೆ, ಇಷ್ಟದ ಹಾಡೂ ರೇಗಿಸುತ್ತದೆ. ಜೊತೆಗಿರುವವರು ಬೇಜಾರು ಮಾಡಿಕೊಳ್ಳದೆ ನಿಲ್ಲಿಸಬೇಕು. ‘ಮುಕ್ಕಮ್ಮ, ಇನ್ನೊಂದ್ಸಲ’ ಎನ್ನುವ ಹೊತ್ತಿನಲ್ಲಿ ಕೇಳಿಸಬೇಕಾದ್ದು ಆ ದನಿಯೇ. ಸಿಸೇರಿಯನ್ ಆದರೂ ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ತಾಯಿಗೆ ಎಚ್ಚರ ಇರುತ್ತದೆ. ಅಲ್ಲಿಯೂ ಮೆಲ್ಲಗೆ ಹಾಡು ಹಾಕಬಹುದು, ಅರಿವಳಿಕೆ ವೈದ್ಯರನ್ನು ಮೊದಲೇ ಕೇಳಿಕೊಂಡರೆ.

ಏಳೋ ಎಂಟೋ ತಿಂಗಳ ತಪಾಸಣೆಗೆ ಹೋದಾಗ ಮೂರು ಪ್ರಶ್ನೆ ಕೇಳಿ ಬನ್ನಿ. ಹೆರಿಗೆ ಹೊತ್ತಿನಲ್ಲಿ ಒಬ್ಬರು ಒಳಗಿರಬಹುದಾ? ಮಂಚಗಳ ನಡುವೆ ಪರದೆ ಇದೆಯಾ? ಫೋನ್ ಬಿಡುತ್ತೀರಾ? ಮೊದಲನೆಯದಕ್ಕೆ ಇಲ್ಲ ಎಂದರೆ 2016ರ ಆದೇಶದ ಮಾತು ತೆಗೆಯಿರಿ, ಹಾಡಿನ ಮಾತು ಆಮೇಲೆ.